ಕವುಚಿಟ್ಟ ಬಟ್ಟಲು

ವಾಸನೆ ಟವಲಿನದೋ, ತನ್ನ ಕೈಯದೋ?

ಬೋಗಾದಿಯ ಕಾಫಿ ಶೆಡ್ಡಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಪ್ರದ್ಯುಮ್ನ ಪ್ಲಾಸ್ಟಿಕ್ ಕವರಿನ ಬಾಯಿ ಬಿಚ್ಚಿ ಮತ್ತೊಮ್ಮೆ ಮೂಗಿಗೆ ಹಿಡಿದ. ಏನೋ ಇತ್ತು. ಇದ್ದೂ ಇಲ್ಲದ ಹಾಗಿತ್ತು. ಅವನ ಕೋಣೆ ದೇವರಾಜ ಮೊಹಲ್ಲಾದಲ್ಲಿ, ಪೂಜಾ ಸಾಮಾನಿನ ಅಂಗಡಿಯ ಮಹಡಿಯ ಮೇಲೆ. ಬೆಳಗಾದರೆ ಕರ್ಪೂರ, ಮಲ್ಲಿಗೆ, ಗಂಧದಕಡ್ಡಿ ಎಲ್ಲವೂ ಮೆಟ್ಟಿಲು ಹತ್ತಿ ಬರುತ್ತಿದ್ದವು. ಕುಡಿಯುವ ನೀರಿಗೂ ಆ ವಾಸನೆ ಅಂಟಿದೆಯೇನೋ ಎಂದು ಅವನಿಗೆ ಎಷ್ಟೋ ಸಲ ಅನಿಸಿದ್ದುಂಟು. ಅಂಥವನ ಮೂಗನ್ನು ನಂಬುವುದು ಹೇಗೆ?

ಟವಲು ಮರಿಯಯ್ಯನದು. ಬೆಳೆಗಾರರ ಸಹಕಾರ ಸಂಘಕ್ಕೆ ಕಾಫಿಯ ರುಚಿ ನೋಡಿಕೊಡುತ್ತಿದ್ದ ಮರಿಯಯ್ಯ ಇದೇ ಶೆಡ್ಡಿನ ಹಿಂದೆ, ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ ಬೆಳಿಗ್ಗೆ ಅದು ಅವನ ಹೆಗಲ ಮೇಲಿತ್ತು. ಕಾಲು ಜಾರಿ ಬಿದ್ದಿದ್ದಾನೆ ಎಂದು ಪೊಲೀಸರು ಬರೆದುಕೊಂಡರು. ಟವಲನ್ನು ಕವರಿಗೆ ಹಾಕಿ ಗಂಟು ಕಟ್ಟಿಟ್ಟರು. ಅದು ಪ್ರದ್ಯುಮ್ನನ ಕೈ ಸೇರಿದ್ದು ನಿನ್ನೆ.

ಅನುಮಾನ ಬರೀ ವಾಸನೆಯದಾಗಿದ್ದರೆ ಅವನು ಇಷ್ಟು ಹೊತ್ತು ಹೊರಗೆ ಕೂರುತ್ತಿರಲಿಲ್ಲ. ಒಳಗೆ ಮರಿಯಯ್ಯನ ಮಗಳು ಸುಷ್ಮಿತಾ ಇದ್ದಳು. ಅಪ್ಪನ ಬೆವರು ಹಿಡಿದ ಬಟ್ಟೆಯನ್ನು ಮಗಳ ಮುಂದೆ ಹಿಡಿದು ಮೂಸಿ ನೋಡಿ ಎನ್ನುವ ಹಕ್ಕು ತನಗೆಲ್ಲಿಂದ ಬಂತು?

"ಒಳಕ್ಕೆ ಓಗಾಕಿಲ್ವಾ ಸಾ?"

ಕಸ ಗುಡಿಸುವ ಬೋರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತಿದ್ದಳು.

"ಹೋಗ್ತೀನಿ."

"ಆ ಪಾಟಿ ಗಮಗುಡೋ ಸೋಪು ತಿಕ್ಕೊಂಡು ಬಂದಿದೀರಲ್ಲ. ಮರಿಯಣ್ಣ ಇದ್ದಿದ್ರೆ ನಿಮ್ಮನ್ನ ಗೇಟಿಂದಲೇ ಸಾಗಾಕ್ಬುಡೋರು."

ಪ್ರದ್ಯುಮ್ನ ನಗಲು ಪ್ರಯತ್ನಿಸಿದ. ಶೆಡ್ಡಿನ ನಿಯಮ ಅವನಿಗೆ ಗೊತ್ತಿತ್ತು. ಕಾಫಿ ಬೀಜ ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಇಲ್ಲಿ ಯಾರೂ ಹೂ ಮುಡಿಯುವಂತಿಲ್ಲ, ವಿಭೂತಿ ಹಚ್ಚುವಂತಿಲ್ಲ, ತಲೆಗೆ ಎಣ್ಣೆ ಸವರಿಕೊಂಡು ರುಚಿ ಕೋಣೆಯ ಹೊಸಿಲು ದಾಟುವಂತಿಲ್ಲ.

ಇಂದು ಶೆಡ್ಡು ಸದ್ದಿಲ್ಲದೆ ಮಲಗಿತ್ತು. ಹೊಟ್ಟು ಬಿಡಿಸುವ ಯಂತ್ರ ನಿಂತಿತ್ತು. ಸಾಲಾಗಿ ಕೂತು ಮೊರದಲ್ಲಿ ಒಡಕು ಬೀಜ ಆರಿಸುವ ಹೆಂಗಸರು ಬಂದಿರಲಿಲ್ಲ. ಮಧ್ಯದಲ್ಲಿ, ಟಾರ್ಪಾಲಿನ ಕೆಳಗೆ, ಕೊಳ್ಳುವವರು ಬೇಡವೆಂದು ವಾಪಸು ಕಳಿಸಿದ ಇಡೀ ವರ್ಷದ ಕಾಫಿ ಬಿದ್ದಿತ್ತು.

ಪಿರಿಯಾಪಟ್ಟಣದ ಆಚೆ, ಕೊಡಗಿನ ಅಂಚಿನ ಹಳ್ಳಿಗಳ ಕಾಫಿ ಅದು. ಒಬ್ಬೊಬ್ಬರದು ಎಕರೆ, ಎರಡೆಕರೆ. ಸಿಲ್ವರ್ ಓಕ್ ಮರಗಳ ನೆರಳಲ್ಲಿ ಕೆಂಪಗಾದ ಹಣ್ಣನ್ನಷ್ಟೇ ಕಿತ್ತು, ಊರಿಗೊಂದರಂತಿರುವ ಯಂತ್ರದಲ್ಲಿ ಸಿಪ್ಪೆ ಸುಲಿದು, ರಾತ್ರಿಯೆಲ್ಲ ತೊಟ್ಟಿಯಲ್ಲಿ ನೆನೆಹಾಕಿ, ಲೋಳೆ ಬಿಡುವವರೆಗೆ ಕಾಲಲ್ಲಿ ತುಳಿದು ತೊಳೆದು, ಕಣದಲ್ಲಿ ಒಣಗಿಸುತ್ತಾರೆ. ಒಬ್ಬನೇ ಮಾರಲು ಹೋದರೆ ಯಾರೂ ಮಾತಾಡಿಸದಷ್ಟು ಸಣ್ಣ ಫಸಲು. ಅದಕ್ಕೇ ಇಲ್ಲಿ ತಂದು ಎಲ್ಲರದನ್ನೂ ಒಂದೇ ರಾಶಿಗೆ ಸುರಿಯುತ್ತಾರೆ. ಸುರಿಯುವ ಮೊದಲು ಪ್ರತಿ ಲೋಡಿನ ರುಚಿಯನ್ನೂ ಮರಿಯಯ್ಯ ನೋಡಬೇಕು. ಒಂದು ಲೋಡು ಕೆಟ್ಟರೆ ಎಲ್ಲರ ಕಾಫಿಯೂ ಕೆಟ್ಟಂತೆ.

ಕೆಟ್ಟಿತ್ತು. ಹುರಿದರೆ ಕಾಫಿಯ ಘಮದ ಹಿಂದೆ ಗಂಧದಕಡ್ಡಿಯ ವಾಸನೆ ಏಳುತ್ತಿತ್ತು. ಅಂಥ ಲೋಡನ್ನು ಮರಿಯಯ್ಯ ಪಾಸು ಮಾಡಿದ್ದು ಹೇಗೆ ಎಂದು ಕೇಳೋಣವೆಂದರೆ ಅವನು ಬದುಕಿರಲಿಲ್ಲ. ದುಡ್ಡು ತಿಂದ, ಪಾಪ ಕಾಡಿತು, ಬಿದ್ದು ಸತ್ತ ಎಂದು ಊರೂರಲ್ಲಿ ಮಾತು ಹಬ್ಬಿತ್ತು. ನಾಳೆ ಸದಸ್ಯರ ಸಭೆ. ಮರಿಯಯ್ಯ ಸಂಘಕ್ಕೆ ದ್ರೋಹ ಮಾಡಿದ ಎಂದು ಎಲ್ಲರ ಮುಂದೆ ಓದಿ, ಅವನ ಮನೆಯವರನ್ನು ಸಂಘದಿಂದ ತೆಗೆದುಹಾಕುತ್ತಾರೆ. ಅಷ್ಟರೊಳಗೆ ನಿಜ ಹುಡುಕಿಕೊಡಿ ಎಂದು ಖಾಸಗಿ ಪತ್ತೇದಾರನಾದ ಪ್ರದ್ಯುಮ್ನನನ್ನು ಕರೆಸಿದ್ದವರು ಸಂಘದ ಅಧ್ಯಕ್ಷ ಶಿವಮಲ್ಲಪ್ಪ.

"ಬೋರಮ್ಮ, ಗ್ಯಾಸು ಸೋರಿದ್ದರ ವಿಷಯ ಮೊನ್ನೆ ಹೇಳಿದ್ರಲ್ಲ. ಇನ್ನೊಂದು ಸಲ ಹೇಳಿ."

"ಅದೇನಿದೆ ಏಳಾಕೆ. ಕಾಫಿ ಉರಿಯೋ ಒಲೆ ಪೈಪು ಬುಟ್ಕೊಂಡಿತ್ತು. ಗೇಟತ್ರ ಇದ್ದ ನಂಗೇ ಮೂಗಿಗೆ ರಪ್ ಅಂತ ಒಡೀತು. ಓಡ್ಬಂದು ನೋಡಿದ್ರೆ ಮರಿಯಣ್ಣ ಪಕ್ಕದಲ್ಲೇ ಕುಂತು ಪೇಪರ್ ಓದ್ತಾವ್ರೆ. ಕಡ್ಡಿ ಗೀಚಿದ್ರೆ ಎಂಗೆ ಅಂತ ಬೈದೆ. ನಕ್ಕು ಸುಮ್ನಾಗ್ಬುಟ್ರು."

"ಬೇರೇನಾದ್ರೂ ನೆನಪಿದೆಯಾ? ಅವರು ತೀರಿಕೊಂಡ ದಿನದ್ದು?"

ಬೋರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೆಳಗ್ಗೆ ನಾನೇ ಮೊದ್ಲು ಬಂದಿದ್ದು. ರುಚಿ ಕೋಣೆ ಗುಡಿಸಿ, ಮೇಜಿನ ಮ್ಯಾಲಿನ ಬಟ್ಲೆಲ್ಲ ತೊಳ್ದೆ. ಐದು ಬಟ್ಲು ನೆಟ್ಟಗಿದ್ವು. ಕಿಟಕಿ ಪಕ್ಕದ್ದೊಂದು ದಬ್ಬಾಕಿತ್ತು. ಆಮ್ಯಾಲೆ ಇಂದಕ್ಕೆ ಓದ್ರೆ ಮೆಟ್ಲತ್ರ..."

ಪ್ರದ್ಯುಮ್ನ ತಲೆ ಎತ್ತಿದ. ಬಟ್ಟಲು ಕವುಚಿಟ್ಟರೆ ಆ ಲೋಡು ಬೇಡ ಎಂದರ್ಥ. ಮರಿಯಯ್ಯ ಬಾಯಿಬಿಟ್ಟು ಯಾರನ್ನೂ ಅವಮಾನಿಸಿದವನಲ್ಲ. ಬಟ್ಟಲು ಕವುಚುತ್ತಿದ್ದ, ಬೆಳೆದವನು ನೋಡಿ ಮೂಟೆ ಹೊತ್ತು ವಾಪಸು ಹೋಗುತ್ತಿದ್ದ. ಆದರೆ ಹಿಂದಿನ ದಿನ ಆರಕ್ಕೆ ಆರು ಲೋಡೂ ಪಾಸಾಗಿ, ಮಧ್ಯಾಹ್ನವೇ ರಾಶಿಗೆ ಸುರಿದಿದ್ದರು. ಕವುಚಿದ ಬಟ್ಟಲು ಎಲ್ಲಿಂದ ಬಂತು?

"ಇದನ್ನ ಸುಷ್ಮಿತಾಗೆ ಹೇಳಿದ್ರಾ?"

"ಏನಂತ ಏಳ್ಲಿ ಸಾ? ನಿಮ್ಮಪ್ಪ ಸತ್ತ ದಿನ ಒಂದು ಬಟ್ಲು ತೊಳ್ದೆ ಅಂತಲಾ?" ಬೋರಮ್ಮ ಪೊರಕೆ ಎತ್ತಿಕೊಂಡಳು. "ಓಗಿ. ಆ ಮಗ ಬೆಳಗ್ಗಿಂದ ಒಂದು ತೊಟ್ಟು ನೀರೂ ಕುಡ್ದಿಲ್ಲ."

*

ರುಚಿ ಕೋಣೆಯಲ್ಲಿ ಉದ್ದನೆಯ ಮೇಜು. ಆರು ಬಿಳಿ ಬಟ್ಟಲು, ಒಂದು ಗಾಜಿನ ಲೋಟದಲ್ಲಿ ನೀರು, ನೀರೊಳಗೆ ಎರಡು ಚಮಚ. ಸುಷ್ಮಿತಾ ಒಣ ಬಟ್ಟೆಯಿಂದ ಬಟ್ಟಲುಗಳನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಹೂವಿಲ್ಲದ ಜಡೆ. ಈ ಕೋಣೆಗೆ ಬರತೊಡಗಿದ ಮೇಲೆ ಅವಳು ಹೂ ಮುಡಿದಿದ್ದನ್ನು ಯಾರೂ ಕಂಡಿರಲಿಲ್ಲ.

"ಕೂತ್ಕೊಳ್ಳಿ ಸಾರ್. ಸೋಪಿನ ವಾಸನೆ ಪರವಾಗಿಲ್ಲ. ಈಗ ಇಲ್ಲಿ ರುಚಿ ನೋಡೋರು ಯಾರೂ ಇಲ್ವಲ್ಲ."

ಅವನು ಕೂತ. ಕವರನ್ನು ತೊಡೆಯ ಮೇಲಿಟ್ಟುಕೊಂಡ. ಹೇಗೆ ಶುರುಮಾಡಿದರೂ ನೋವಾಗುವುದಿದ್ದರೆ ನೇರವಾಗಿ ಶುರುಮಾಡುವುದೇ ಲೇಸು ಎಂದುಕೊಂಡ.

"ನಿಮ್ಮ ತಂದೆಗೆ ವಾಸನೆ ಗೊತ್ತಾಗ್ತಿರಲಿಲ್ಲ, ಅಲ್ವಾ?"

ಬಟ್ಟಲು ಒರೆಸುತ್ತಿದ್ದ ಅವಳ ಕೈ ನಿಂತಿತು.

"ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಗ್ಯಾಸ್ ಸೋರ್ತಿದ್ದಾಗ ಪಕ್ಕದಲ್ಲೇ ಕೂತಿದ್ರು."

ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟಳು. ಅಳುತ್ತಾಳೇನೋ ಎಂದುಕೊಂಡ. ಅಳಲಿಲ್ಲ.

"ಕೊರೋನಾ ಜ್ವರ ಬಂತಲ್ಲ ಸಾರ್, ಆಗ ಹೋಗಿದ್ದು. ಎಲ್ಲರಿಗೂ ವಾಪಸ್ ಬಂತು, ಅಪ್ಪಂಗೆ ಬರ್ಲಿಲ್ಲ. ನಾಲಿಗೇಲಿ ಹುಳಿ, ಕಹಿ ಅಷ್ಟೇ ಗೊತ್ತಾಗ್ತಿತ್ತು. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಕಾದ್ರು. ದಿನಾ ಬೆಳಗ್ಗೆ ಎದ್ದು ಒಗ್ಗರಣೆ ಡಬ್ಬಿ ತೆಗೆದು ಇಂಗು ಮೂಸೋರು."

"ಸಂಘಕ್ಕೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಆ ಜಾಗಕ್ಕೆ ಇನ್ನೊಬ್ರನ್ನ ಕೂರಿಸ್ತಿದ್ರು. ಅವರು ಯಾವೂರಿನೋರು, ಯಾರ ಕಡೆಯೋರು ಅಂತ ಜಗಳ ಶುರುವಾಗೋದು. ಅಪ್ಪ ಬಟ್ಟಲು ದಬ್ಬಾಕಿದ್ರೆ ಯಾರೂ ಎದುರಾಡ್ತಿರಲಿಲ್ಲ. ಒಂದ್ಸಲ ನಮ್ಮ ಸೋದರತ್ತೆ ತೋಟದ್ದನ್ನೇ ದಬ್ಬಾಕಿದ್ರು, ತೊಟ್ಟೀಲಿ ಒಂದು ದಿನ ಜಾಸ್ತಿ ಬಿಟ್ಟಿದ್ರು ಅಂತ. ಅತ್ತೆ ಆರು ತಿಂಗಳು ಮಾತು ಬಿಟ್ರು. ಆದ್ರೆ ಮುಂದಿನ ವರ್ಷ ತೊಟ್ಟಿ ಪಕ್ಕಾನೇ ಚಾಪೆ ಹಾಕ್ಕೊಂಡು ಮಲಗಿದ್ರು." ಅವಳ ತುಟಿಯಲ್ಲಿ ನಗು ಬಂದು ಹೋಯಿತು. "ಆ ನಂಬಿಕೆ ಹೋಗ್ಬಾರ್ದು ಅಂತ ಸುಮ್ನಿದ್ರು. ನಾನೂ ಸುಮ್ನಿದ್ದೆ."

"ಮತ್ತೆ ಇಷ್ಟು ದಿನ ರುಚಿ ನೋಡಿದ್ದು ಯಾರು?"

ಅವಳು ನೀರಿನ ಲೋಟದಿಂದ ಒಂದು ಚಮಚ ತೆಗೆದಳು.

"ಅಪ್ಪ ಆ ಕಡೆ, ನಾನು ಈ ಕಡೆ. ನಾನು ಬಟ್ಟಲಿಗೆ ಬಿಸಿನೀರು ಹಾಕೋಳು ಅಂತ ಎಲ್ಲರ ಲೆಕ್ಕ. ಅಪ್ಪನ ಜೊತೆ ನಾನೂ ಒಂದು ಚಮಚ ಬಾಯಿಗೆ ಹಾಕ್ಕೊಳ್ತಿದ್ದೆ. ಪ್ರತಿ ಬಟ್ಟಲಾದ ಮೇಲೂ ಚಮಚ ನೀರಲ್ಲಿ ಅದ್ದಬೇಕಲ್ಲ. ಕೆಟ್ಟಿದ್ರೆ ಹೀಗೆ."

ಚಮಚ ಲೋಟದ ಅಂಚಿಗೆ ತಗಲಿತು. ಟಿಣ್.

"ಚೆನ್ನಾಗಿದ್ರೆ?"

"ಚೆನ್ನಾಗಿದ್ರೆ ಏನೂ ಇಲ್ಲ. ಸದ್ದಿಲ್ಲದೆ ಅದ್ದೋದು."

ಪ್ರದ್ಯುಮ್ನ ಆ ಲೋಟವನ್ನೇ ನೋಡಿದ. ಅಪ್ಪ ಮಗಳು ಎದುರುಬದುರು ಬಾಗಿ ನಿಂತ ಎಷ್ಟೋ ಬೆಳಗುಗಳು ಅವನ ಕಣ್ಣ ಮುಂದೆ ಹಾದುಹೋದವು. ಮರಿಯಯ್ಯ ಬಟ್ಟಲಿನ ಮೇಲೆ ಬಾಗುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಸುರ್ರೆಂದು ಎಳೆದುಕೊಳ್ಳುತ್ತಿದ್ದ. ಎಲ್ಲವೂ ಬಾಗಿಲಲ್ಲಿ ನಿಂತು ನೋಡುವ ಬೆಳೆಗಾರರಿಗಾಗಿ. ಒಳಗೊಳಗೆ ಅವನು ಕಾಯುತ್ತಿದ್ದದ್ದು ಒಂದು ಸದ್ದಿಗೆ.

"ಆ ಕೊನೆಯ ದಿನ?" ಎಂದ.

ಅವಳು ಕಿಟಕಿಯ ಕಡೆ ನೋಡಿದಳು.

"ಆ ದಿನ ಚಮಚ ಸದ್ದು ಮಾಡ್ಲಿಲ್ಲ."

"ಯಾವ ಬಟ್ಟಲಿಗೆ?"

"ಕೊನೇದು. ಅಲ್ಲಿ, ಕಿಟಕಿ ಹತ್ರದ್ದು."

ಪ್ರದ್ಯುಮ್ನ ಕಿಟಕಿ ಪಕ್ಕದ ಬಟ್ಟಲಿನ ಕಡೆ ನೋಡಿದ. ಕಿಟಕಿ ಪಕ್ಕದ್ದೊಂದು ದಬ್ಬಾಕಿತ್ತು ಎಂದಿದ್ದಳು ಬೋರಮ್ಮ.

"ಅದು ಬೀರೇಶ್ ಟೆಂಪೋದಲ್ಲಿ ಬಂದ ಲೋಡು," ಎಂದ ನಿಧಾನವಾಗಿ.

ಅವಳು ತಲೆಯಾಡಿಸಿದಳು.

ಬೀರೇಶ್ ಅವಳ ಸೋದರತ್ತೆಯ ಮಗ. ಮಾಘದಲ್ಲಿ ಮದುವೆ ಎಂದು ಮಾತಾಗಿದ್ದವನು. ಹಳ್ಳಿಗಳಿಂದ ಮೂಟೆ ತರುವ ಬಾಡಿಗೆ ಅವನದು. ಅಶೋಕಪುರಂನಲ್ಲಿ ಗೆಳೆಯನ ಗಂಧದಕಡ್ಡಿ ಹೊಸೆಯುವ ಗೋಡೌನಿನ ಅಂಗಳದಲ್ಲಿ ಟೆಂಪೋ ನಿಲ್ಲಿಸುತ್ತಿದ್ದ. ತೋಟದಿಂದ ಸೀದಾ ಶೆಡ್ಡಿಗೆ ತಂದೆ, ನಡುವೆ ಎಲ್ಲೂ ಇಳಿಸಿಲ್ಲ ಎಂದು ಪ್ರದ್ಯುಮ್ನನ ಎದುರು ಆಣೆ ಮಾಡಿದ್ದ.

"ನಡುವೆ ಒಂದು ಬಾಡಿಗೆ ಸಿಕ್ತಂತೆ ಸಾರ್. ಮದುವೆ ಮನೆ ಪಾತ್ರೆ ಸಾಗಿಸೋದು. ಮೂಟೆಗಳನ್ನ ಆ ಗೋಡೌನಲ್ಲಿ ಇಳಿಸಿ ಹೋಗಿದಾನೆ. ವಾಪಸ್ ಬರೋ ಹೊತ್ತಿಗೆ ಟೆಂಪೋ ಕೆಟ್ಟು ನಿಂತಿದೆ. ಎರಡು ರಾತ್ರಿ ಮೂಟೆ ಅಲ್ಲೇ ಇತ್ತು. ಇದೆಲ್ಲ ನಂಗೆ ಆಮೇಲೆ ಹೇಳಿದ್ದು. ಆದ್ರೆ ಬಟ್ಟಲಿಗೆ ಬಗ್ಗಿದ ಕೂಡಲೇ ನಂಗೆ ಗೊತ್ತಾಯ್ತು. ಅವನ ಶರ್ಟಿನ ವಾಸನೆ ನಂಗೆ ಗೊತ್ತಿಲ್ವಾ?"

ಅವಳ ಕೆನ್ನೆ ಕೆಂಪಾಯಿತು. ಮರುಕ್ಷಣ ಬಿಳಿಚಿಕೊಂಡಿತು.

"ಇನ್ನೊಂದು ತಪ್ಪಾದ್ರೆ ಬಾಡಿಗೆ ಕಿತ್ಕೊಳ್ತೀವಿ ಅಂತ ಸಂಘದೋರು ಅವನಿಗೆ ಮೊದಲೇ ಹೇಳಿದ್ರು. ಒಂದು ಲೋಡು ತಾನೇ, ಅಷ್ಟು ದೊಡ್ಡ ರಾಶೀಲಿ ಸೇರಿದ್ರೆ ಕರಗೋಗುತ್ತೆ ಅನ್ಕೊಂಡೆ. ಕೆರೆಗೆ ಒಂದು ಚೊಂಬು ಹಾಲು ಹುಯ್ದಂಗೆ." ಕೈಯಲ್ಲಿದ್ದ ಚಮಚವನ್ನು ಮೇಜಿನ ಮೇಲಿಟ್ಟಳು. "ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ. ಕಾಫಿ ಹಂಗಲ್ಲ, ಒಂದು ಕೆಟ್ಟ ಕಾಳು ಎಲ್ಲಾನೂ ಕೆಡಿಸುತ್ತೆ ಅಂತ ನಂಗೆ ಹೇಳಿಕೊಟ್ಟಿದ್ದೇ ಅಪ್ಪ. ಆದ್ರೂ ಹಂಗನ್ಕೊಂಡೆ."

ಹೊರಗೆ ಬೋರಮ್ಮನ ಪೊರಕೆಯ ಸದ್ದು ಹತ್ತಿರ ಬಂದು ದೂರ ಹೋಯಿತು.

ಪ್ರದ್ಯುಮ್ನ ಕವರಿನ ಗಂಟು ಬಿಚ್ಚಿದ. ಇನ್ನು ಕೇಳದೆ ಬೇರೆ ದಾರಿಯಿರಲಿಲ್ಲ.

"ಇದು ಅವರ ಹೆಗಲ ಮೇಲಿದ್ದದ್ದು. ನನ್ನ ಮೂಗನ್ನ ನಾನು ನಂಬಲಾರೆ. ಕಷ್ಟ ಅಂತ ಗೊತ್ತು. ಬೇಡ ಅಂದ್ರೆ ಬೇಡ."

ಅವಳು ಟವಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೊದಲು ಮಡಿಲಲ್ಲಿಟ್ಟು ಸುಕ್ಕು ತೀಡಿದಳು. ಮರಿಯಯ್ಯನ ಬಟ್ಟೆಯನ್ನು ಬೇರೆಯವರ ಬಟ್ಟೆಯ ಜೊತೆ ಒಗೆಯುತ್ತಿರಲಿಲ್ಲ. ವಾಸನೆಯಿಲ್ಲದ ಸೋಪಿನಲ್ಲಿ ಅವಳೇ ಬೇರೆಯಾಗಿ ಒಗೆಯುತ್ತಿದ್ದಳು. ಮೂಗು ಹೋದ ಮೇಲೂ ಆ ಪದ್ಧತಿ ಬಿಟ್ಟಿರಲಿಲ್ಲ.

ಟವಲನ್ನು ಮುಖಕ್ಕೆ ಹಿಡಿದಳು. ಬಹಳ ಹೊತ್ತು ತೆಗೆಯಲಿಲ್ಲ. ಅವಳು ಹುಡುಕುತ್ತಿರುವುದು ಸುಳಿವನ್ನೋ, ಅಪ್ಪನನ್ನೋ ಪ್ರದ್ಯುಮ್ನನಿಗೆ ಹೇಳಲಾಗಲಿಲ್ಲ. ಅವನು ಮೇಜಿನ ಕಡೆ ನೋಡುತ್ತ ಕೂತ.

"ಗಂಧದಕಡ್ಡಿ," ಎಂದಳು ಕೊನೆಗೆ. "ಅಂಗಡೀಲಿ ಸಿಗೋ ಕಡ್ಡಿ ಅಲ್ಲ. ಹಸಿ ಇದ್ದಿಲ ಪುಡಿ, ಅಂಟು, ಅದರ ಮೇಲೆ ಗಂಧ. ಕಡ್ಡಿ ಹೊಸೆಯೋ ಜಾಗದ್ದು."

"ನಿಮಗೆ ಅನುಮಾನ ಇಲ್ವಾ?"

"ಬಟ್ಟಲಲ್ಲಿ ಬಂದಿದ್ದೂ ಇದೇ ಸಾರ್."

ಹಾಗಾದರೆ ಶೆಡ್ಡಿನ ಮೆಟ್ಟಿಲ ಬುಡದಲ್ಲಿ ಸತ್ತು ಸಿಗುವ ಮೊದಲು, ಆ ಸಂಜೆ, ಮರಿಯಯ್ಯ ಅಶೋಕಪುರಂನ ಆ ಗೋಡೌನಿಗೆ ಹೋಗಿದ್ದ. ವಾಸನೆಯೇ ಗೊತ್ತಾಗದ ಮನುಷ್ಯ ವಾಸನೆಯ ಮೂಲಕ್ಕೆ ನಡೆದುಹೋಗಿದ್ದ. ಏನನ್ನು ನಂಬಿ ಹೋದ? ಉತ್ತರ ಪ್ರದ್ಯುಮ್ನನ ಎದುರಿಗೇ, ಟವಲು ಹಿಡಿದು ಕೂತಿತ್ತು.

ಇಷ್ಟು ವರ್ಷ ಮರಿಯಯ್ಯ ರುಚಿ ನೋಡಿದ್ದು ಬಟ್ಟಲನ್ನಲ್ಲ, ಮಗಳ ಮುಖವನ್ನು. ಚಮಚ ಸದ್ದು ಮಾಡುವುದಕ್ಕೂ ಮೊದಲೇ ಅವನಿಗೆ ಅವಳ ಹುಬ್ಬಿನಲ್ಲಿ ಗೊತ್ತಾಗುತ್ತಿದ್ದಿರಬೇಕು. ಆ ದಿನ ಅವಳ ಮುಖ ಒಂದು ಹೇಳಿತು, ಚಮಚ ಇನ್ನೊಂದು ಹೇಳಿತು. ಬೇಡ ಎಂದರೆ, ನಿನ್ನ ಚಮಚ ಸುಳ್ಳು ಹೇಳಿತು ಎಂದು ಮಗಳ ಮುಖಕ್ಕೇ ಹೇಳಿದಂತಾಗುತ್ತಿತ್ತು. ಪಾಸು ಎಂದ. ರಾಶಿಗೆ ಸುರಿಯುವುದನ್ನು ನಿಂತು ನೋಡಿದ. ಎಲ್ಲರೂ ಹೋದ ಮೇಲೆ ಒಬ್ಬನೇ ಬಂದು ಆ ಬಟ್ಟಲನ್ನು ಕವುಚಿಟ್ಟ, ಯಾರೂ ನೋಡದಿದ್ದರೂ. ಮಗಳು ಸುಳ್ಳು ಹೇಳುವುದಿದ್ದರೆ ಯಾವ ಒಬ್ಬನಿಗಾಗಿ ಹೇಳುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು. ಬೀರೇಶನನ್ನು ಹುಡುಕಿಕೊಂಡು ಹೊರಟ.

"ಸಾರ್."

ಅವಳು ಟವಲನ್ನು ಎದೆಗೆ ಒತ್ತಿಕೊಂಡಿದ್ದಳು.

"ಅಪ್ಪ ನನ್ನ ನಂಬ್ಕೊಂಡೇ ಹೋದ್ರಾ? ಇಲ್ಲ ಗೊತ್ತಾಗಿತ್ತಾ ಅವರಿಗೆ? ನಾನು ಸುಮ್ನಿದ್ದಿದ್ದು ಸುಳ್ಳು ಅಂತ ಗೊತ್ತಾಗಿತ್ತಾ? ರಾತ್ರಿ ಎಲ್ಲ ಅದೊಂದೇ ಕೊರೀತಿದೆ. ನಂಬ್ಕೊಂಡಿದ್ರೆ ಸಾಕು. ನಾಳೆ ಸಭೇಲಿ ನಾನೇ ಎದ್ದು ಎಲ್ಲ ಹೇಳ್ತೀನಿ, ಏನು ಬೇಕಾದ್ರೂ ಅನುಭವಿಸ್ತೀನಿ. ಆದ್ರೆ ನಾನು ಮೋಸ ಮಾಡ್ದೆ ಅಂತ ತಿಳ್ಕೊಂಡು ಅಪ್ಪ ಹೋಗಿರಬಾರದು."

ಪ್ರದ್ಯುಮ್ನ ಬಾಯಿ ತೆರೆದ.

ಹೊರಗೆ ಟೆಂಪೋದ ಹಾರ್ನ್ ಕೇಳಿಸಿತು. ಗೇಟು ಕಿರುಗುಟ್ಟಿತು. ಬೂಟಿನ ಸದ್ದು ಬಾಗಿಲವರೆಗೆ ಬಂದು, ಹೊಸಿಲ ಆಚೆ ನಿಂತಿತು. ಸುಷ್ಮಿತಾ ಟವಲನ್ನು ಮೇಜಿನ ಕೆಳಗೆ ಎಳೆದುಕೊಂಡಳು.

"ಓ, ಸಾರೂ ಇಲ್ಲೇ ಇದ್ದೀರಾ." ಬೀರೇಶ್ ಬಾಗಿಲ ಚೌಕಟ್ಟಿಗೆ ಒರಗಿದ. ಎಣ್ಣೆ ಹಾಕಿ ಬಾಚಿದ ಕ್ರಾಪು, ಕೈಯಲ್ಲಿ ತಿಂಡಿಯ ಪೊಟ್ಟಣ. "ಒಳಗೆ ಕರೆಯಲ್ಲ ಕಣ್ರೀ ಇವಳು. ಮದುವೆ ದಿನಾನೂ ಹಿಂಗೇ ಬಾಗಿಲಲ್ಲಿ ನಿಲ್ಲಿಸ್ತಾಳೋ ಏನೋ. ಏ ಸುಷ್ಮಿ, ಬೆಳಗ್ಗಿಂದ ಏನೂ ತಿಂದಿಲ್ವಂತೆ, ಬೋರಮ್ಮ ಹೇಳಿದ್ಲು. ಇಡ್ಲಿ ತಂದಿದೀನಿ, ಬಾ."

ಅವನ ದನಿಯಲ್ಲಿದ್ದ ಅಕ್ಕರೆ ನಟನೆಯಾಗಿರಲಿಲ್ಲ. ಪ್ರದ್ಯುಮ್ನನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

"ಒಂದು ಮಾತು ಬೀರೇಶ್," ಎಂದ. "ತೀರಿಕೊಂಡ ಹಿಂದಿನ ಸಂಜೆ ಮರಿಯಯ್ಯನವರು ನಿಮ್ಮ ಗೋಡೌನ್ ಕಡೆ ಬಂದಿದ್ರಾ?"

"ಮಾವನಾ?" ಬೀರೇಶ್ ನಕ್ಕ. "ಅಶೋಕಪುರಂ ಹೆಸರೆತ್ತಿದ್ರೇ ಮೂಗು ಮುಚ್ಕೊಳ್ಳೋರು ಅವರು. ಆ ಗಂಧದ ಘಾಟು ಅವರಿಗೆ ಆಗ್ತಿರಲಿಲ್ಲ. ನಾನು ಹತ್ರ ಹೋದ್ರೇ, ದೂರ ನಿಂತ್ಕೊಳ್ಳೋ ಅನ್ನೋರು. ಬಂದೇ ಇಲ್ಲ ಸಾರ್. ಮೊದಲೇ ಹೇಳಿದ್ನಲ್ಲ."

ಸುಷ್ಮಿತಾ ಬೀರೇಶನ ಕಡೆ ನೋಡಲಿಲ್ಲ. ಪ್ರದ್ಯುಮ್ನನ ಕಡೆಯೂ ನೋಡಲಿಲ್ಲ. ಕೈ ಚಾಚಿ ಚಮಚ ಎತ್ತಿಕೊಂಡು, ಅಪ್ಪನ ಎದುರು ನಿಂತು ಮಾಡುತ್ತಿದ್ದ ಹಾಗೆಯೇ, ನೀರಿನ ಲೋಟಕ್ಕೆ ಇಳಿಸಿದಳು.

ಟಿಣ್.

ಸಣ್ಣ ಸದ್ದು. ಬೀರೇಶನಿಗೆ ಅದು ಚಮಚ ತೊಳೆದ ಸದ್ದು, ಅಷ್ಟೇ. ಅದರ ಅರ್ಥ ತಿಳಿದಿದ್ದವರಲ್ಲಿ ಒಬ್ಬ ಸತ್ತಿದ್ದ, ಇನ್ನೊಬ್ಬಳು ತಲೆ ತಗ್ಗಿಸಿ ಕೂತಿದ್ದಳು, ಮೂರನೆಯವನು ಅರ್ಧ ಗಂಟೆಯ ಹಿಂದಷ್ಟೇ ಕಲಿತಿದ್ದ.

ಟವಲಿನ ಒಂದು ತುದಿ ಮೇಜಿನ ಕೆಳಗಿಂದ ಜಾರಿ ನೆಲ ಮುಟ್ಟಿತು. ಬೀರೇಶನ ಕಣ್ಣು ಅಲ್ಲಿಗೆ ಹೋಯಿತು. ನಗು ಮುಖದಲ್ಲೇ ಉಳಿದು, ಕಣ್ಣಿನಿಂದ ಮಾತ್ರ ಆರಿಹೋಯಿತು.

"ಅದು ಮಾವನ ಟವಲಲ್ವಾ?" ಎಂದ. "ಎಲ್ಲಿತ್ತು ಅದು?"

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಕೋಣೆಯ ಹೊಸಿಲು ತುಳಿಯದ ಬೀರೇಶ್ ಕಾಲೆತ್ತಿ ಒಳಗಿಟ್ಟ. ಅವನ ಜೊತೆ ಗಂಧದ ವಾಸನೆಯೂ ಒಳಗೆ ಬಂತು. ಈ ಸಲ ಅದು ಪ್ರದ್ಯುಮ್ನನ ಮೂಗಿಗೂ ಸ್ಪಷ್ಟವಾಗಿ ತಿಳಿಯಿತು.

ಪ್ರದ್ಯುಮ್ನ ಎದ್ದು, ಇಬ್ಬರ ನಡುವೆ ನಿಂತ. ಬೆನ್ನ ಹಿಂದಿನಿಂದ ಸುಷ್ಮಿತಾ ಮತ್ತೆ ಕೇಳಿದಳು, ಅವನೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ: "ಗೊತ್ತಾಗಿತ್ತಾ ಸಾರ್?"

ಮರಿಯಯ್ಯನಿಗೆ ಗೊತ್ತಾಗಿತ್ತು ಎಂದು ಪ್ರದ್ಯುಮ್ನ ಅವಳಿಗೆ ಹೇಳಲಿಲ್ಲ.